ಚಿಗವ್ವನ ಹೆಸರಿನ ಹಾಳಿ: 2021ರ ಮೇ ತಿಂಗಳಾಗ ನಮ್ಮ ಮನ್ಯಾಗ ಆದದ್ದು

ಇದು ಒಂದ ಮನಿಯ ಒಂದ ತಿಂಗಳಿನ ಕಥಿ. ಹಳೇ ಹುಬ್ಬಳ್ಳಿ ಒಳಗ ನಮ್ಮ ಕಾಕಾಂದು ಒಂದು ಸಣ್ಣ ಖಾನಾವಳಿ ಐತಿ, ಕೆಳಗ ಖಾನಾವಳಿ, ಮ್ಯಾಲೆ ಮನಿ. ಕೊರೊನಾ ಎರಡನೇ ಅಲೆ ಹೊತ್ತಿನ್ಯಾಗ ಆ ಮನ್ಯಾಗ ಯಾವ ದಿನ ಏನಾತು, ನಾವು ಏನ್ ಮಾಡಿದ್ವಿ, ಏನ್ ಮಾಡ್ಲಿಲ್ಲ ಅನ್ನೋದನ್ನ ತಾರೀಖು ಹಿಡಿದು ಬರಿಯಾಕತ್ತೇನಿ. ಕಾಕಾನ್ನೂ ತಂಗಿನ್ನೂ ಕೇಳೇ ಬರಿಯಾಕತ್ತೇನಿ, ಹೆಸರು ಹಾಕಿಲ್ಲ. ತಂಗಿ ಅಂದ್ರ ಕಾಕಾನ ಮಗಳು. ಆಕಿ ಆವಾಗ ಪಿಯುಸಿ ಎರಡನೇ ವರ್ಷ, ಪರೀಕ್ಷೆ ಮುಂದಕ್ಕ ಹೋಗಿತ್ತು, ಆಮ್ಯಾಲೆ ಜೂನ್‌ನ್ಯಾಗ ರದ್ದೇ ಆತು. ಓದಾಕಂತ ಇಟ್ಟಿದ್ದ ಒಂದು ನೋಟ್‌ಬುಕ್ಕಿನ ಹಿಂದಿನ ಹಾಳಿಯೊಳಗ ಆಕಿ ಬರದಿಟ್ಟಿದ್ದಕ್ಕ ನನಗ ಇವತ್ತು ಇಷ್ಟು ಸರಿಯಾಗಿ ಹೇಳಾಕ ಆಗಾಕತ್ತೈತಿ.

ಮನಿ ಹೆಂಗಿತ್ತು

ಕಾಕಾಗ ಆವಾಗ 54, ಒಂಬತ್ತು ವರ್ಷದಿಂದ ಶುಗರ್ ಇತ್ತು. ಚಿಗವ್ವಗ, ಅಂದ್ರ ಕಾಕಾನ ಹೆಂಡ್ತಿಗೆ, 47. ಕಾಕಾನ ಅವ್ವ, ನಮ್ಮ ಆಯಿಗೆ 78, ತಂಗಿಗೆ 18. ನಾನು ಕಾಕಾನ ಅಣ್ಣನ ಮಗ, ಬೆಂಗಳೂರಾಗ ಕೆಲಸ, 2020ರ ಮಾರ್ಚ್‌ನ್ಯಾಗ ಊರಿಗೆ ಬಂದವ ವರ್ಕ್ ಫ್ರಮ್ ಹೋಮ್ ಅಂತ ವಿದ್ಯಾನಗರದ ಮನ್ಯಾಗ ಅವ್ವನ ಜೋಡಿ ಉಳ್ಕೊಂಡಿದ್ದೆ.

ಖಾನಾವಳಿ ಬೋರ್ಡ್ ಮ್ಯಾಲೆ ಕಾಕಾನ ಹೆಸರೈತಿ. ಗಲ್ಲಾದ ಮುಂದ ಕುಂದ್ರೋರು ಅವ್ರು, ಸಂತಿ ತರೋರು ಅವ್ರು, ಬಂದೋರನ್ನ ಮಾತಾಡ್ಸೋರು ಅವ್ರು. ರೊಟ್ಟಿ ಮಾತ್ರ ಚಿಗವ್ವಂದು. ನಸುಕಿನ್ಯಾಗ 5ಕ್ಕ ಒಲಿ ಹಚ್ಚಿದ್ಲಂದ್ರ ಮಧ್ಯಾಹ್ನ 12ರ ತನಕ 200ರ ಮ್ಯಾಲೆ ಜ್ವಾಳದ ರೊಟ್ಟಿ ಬಡಿಯೋಳು, ನಡುನಡುವ ಝುಣಕ, ಪುಂಡಿಪಲ್ಯ, ಬದನಿಕಾಯಿ ಎಣಗಾಯಿ. ಎಲ್ಲಾರದೂ ಊಟ ಮುಗಿದು ಗಂಗಾಳ ತೊಳದ ಮ್ಯಾಲೆ, ಉಳಿದಿದ್ರ ಉಳಿದಿದ್ದು, ಇಲ್ಲಾಂದ್ರ ಒಣ ರೊಟ್ಟಿ ಚಟ್ನಿ ಉಣ್ಣೋಳು. ನಾವೆಲ್ಲಾ ಸಣ್ಣಾಂವ್ರಿದ್ದಾಗಿಂದ ನೋಡಿದ್ದೇ ಹಿಂಗ, ಅದಕ್ಕ ಅದು ಯಾರ ಕಣ್ಣಿಗೂ ಬೀಳತಿರಲಿಲ್ಲ.

2020ರ ಲಾಕ್‌ಡೌನ್ ಈ ಮನಿಗೆ ಭಾಳ ಹೊಡತ ಕೊಟ್ಟಿತ್ತು. ಮಾರ್ಚ್ 25ಕ್ಕ ಶುರುವಾಗಿದ್ದು, ಮಂದಿನ್ನ ಕೂಡ್ಸಿ ಊಟ ಹಾಕಾಕ ಮತ್ತ ಪರವಾನಗಿ ಸಿಕ್ಕಿದ್ದು ಜೂನ್ 8ಕ್ಕ. ಎರಡೂವರಿ ತಿಂಗಳು ಗಲ್ಲಾ ಖಾಲಿ. ಸಂಘದಾಗ ಸಾಲ, ಕಿರಾಣಿ ಅಂಗಡಿ ಉದ್ರಿ. 2021ರ ಏಪ್ರಿಲ್ 27ರ ರಾತ್ರಿ ರಾಜ್ಯದಾಗ ಮತ್ತ ಕರ್ಫ್ಯೂ ಬಂದಾಗ ಮುಂಜಾನೆ 6ರಿಂದ 10ರ ತನಕ ಸಂತಿ, ಹೋಟೆಲಿಗೆ ಪಾರ್ಸಲ್ ಅಷ್ಟ. ಈ ಸಲ ಒಂದ ದಿನಾನೂ ಒಲಿ ಆರಸಬಾರದು ಅಂತ ಗಂಡ ಹೆಂಡ್ತಿ ಇಬ್ರೂ ಗಟ್ಟಿ ಮನಸು ಮಾಡಿದ್ರು. ಮುಂದ ಆದ ಎಲ್ಲಾದರ ಬುಡ ಇಲ್ಲೇ ಐತಿ ಅಂತ ನನಗನಸ್ತದ.

ಲಸಿಕಿನೂ ಅಷ್ಟ. 60 ದಾಟಿದವ್ರಿಗೆ ಮಾರ್ಚ್ 1ರಿಂದ ಶುರುವಾಗಿತ್ತು, ಆಯಿನ್ನ ಕರ್ಕೊಂಡು ಹೋಗಿ ಹಾಕ್ಸಿದ್ವಿ. 45ರ ಮ್ಯಾಲಿನವ್ರಿಗೆಲ್ಲಾ ಏಪ್ರಿಲ್ 1ರಿಂದ, ಕಾಕಾ ಎರಡನೇ ವಾರದಾಗ ಹಾಕಿಸ್ಕೊಂಡ್ರು, ಒಂದೂವರಿ ದಿನ ಜ್ವರ ಬಂದು ಮಲಗಿದ್ರು. ಅದನ್ನ ನೋಡಿ ಚಿಗವ್ವ, "ನನಗೂ ಹಿಂಗ ಜ್ವರ ಬಂದ್ರ ರೊಟ್ಟಿ ಯಾರ್ ಬಡೀತಾರ? ಈ ಕರ್ಫ್ಯೂ ಗದ್ಲ ಮುಗೀಲಿ, ಹಾಕಿಸ್ಕೊಂತೇನಿ" ಅಂದ್ಲು. ನಾವು ಯಾರೂ ಒತ್ತಾಯ ಮಾಡ್ಲಿಲ್ಲ. ಎರಡು ದಿನ ರೊಟ್ಟಿ ಹೊರಗಿಂದ ತರೂಣು ಅನ್ನೋ ಒಂದು ಮಾತು ಯಾರ ಬಾಯಾಗೂ ಬರಲಿಲ್ಲ.

ಕಾಕಾನ ಜಡ್ಡು

ಮೇ 2, ರವಿವಾರ ಕಾಕಾಗ ಜ್ವರ. ಮೊದಲ ಎರಡು ದಿನ ಡೋಲೋ 650 ಮ್ಯಾಲೆ ಕಳದ್ವಿ. 4ನೇ ತಾರೀಖಿಗೆ ಒಂದು ದೊಡ್ಡ ತಪ್ಪು ಮಾಡಿದ್ವಿ, ಯಾರೋ ವಾಟ್ಸಾಪ್‌ನ್ಯಾಗ ಒಬ್ಬ ಪೇಷಂಟಿನ ಚೀಟಿ ಫೋಟೋ ಕಳಿಸಿದ್ರು, ಅದರಾಗಿದ್ದ ಗುಳಗಿ ಎಲ್ಲಾ ಮೆಡಿಕಲ್ ಶಾಪಿನ್ಯಾಗ ಕೇಳಿದ್ರ ಕೊಟ್ಟರು, ಅದರಾಗ ಒಂದು ಸ್ಟಿರಾಯ್ಡ್ ಇತ್ತು ಅಂತ ನಮಗ ಗೊತ್ತಿರಲಿಲ್ಲ. ಮೂರು ದಿನ ತಗೊಂಡ್ರು. 7ಕ್ಕ ಮುಂಜಾನೆ ಶುಗರ್ 412. ಆಮ್ಯಾಲೆ ಡಾಕ್ಟರ್ ಫೋನಿನ್ಯಾಗ ಬೈದು ತಿಳಿಸಿ ಹೇಳಿದ್ದು ಇಷ್ಟು. ಕೊರೊನಾಕ್ಕ ಡೆಕ್ಸಾಮೆಥಾಸೋನ್‌ನಂಥ ಸ್ಟಿರಾಯ್ಡ್ ಜೀವ ಉಳಸ್ತದ ಅಂತ 2020ರ ಜೂನ್‌ನ್ಯಾಗ ಬ್ರಿಟನ್ನಿನ ರಿಕವರಿ ಟ್ರಯಲ್ ಅನ್ನೋ ಔಷಧ ಪರೀಕ್ಷೆದಾಗ ಗೊತ್ತಾಗಿದ್ದು ಖರೆ, ಆದ್ರ ಆಕ್ಸಿಜನ್ ಬೇಕಾದ ಪೇಷಂಟಿಗೆ ಅಷ್ಟ, ಆಕ್ಸಿಜನ್ ಸರಿ ಇದ್ದವ್ರಿಗೆ ಮೊದಲ ದಿನದಾಗ ಕೊಟ್ರ ಲಾಭಿಲ್ಲ, ಹಾನಿನೇ ಆಗಬಹುದು, ಅದರಾಗೂ ಶುಗರ್ ಇದ್ದವ್ರಿಗೆ ಶುಗರ್ ಏರಸ್ತದ. ಅದೇ ತಿಂಗಳು ಬ್ಲ್ಯಾಕ್ ಫಂಗಸ್ ಅಂತ ಊರೆಲ್ಲಾ ಸುದ್ದಿ ಆಗಿದ್ದಕ್ಕ ಈ ಏರಿದ ಶುಗರ್ರು ಮತ್ತ ಸ್ಟಿರಾಯ್ಡೇ ಒಂದು ದೊಡ್ಡ ಕಾರಣ. ನಮ್ಮ ಕಾಕಾಗ ಅದು ಬರಲಿಲ್ಲ, ಪುಣ್ಯ.

5ಕ್ಕ ಸ್ವಾಬ್ ಕೊಟ್ವಿ, ರಿಪೋರ್ಟ್ ಬಂದಿದ್ದು 8ಕ್ಕ. ಆ ಮೂರು ದಿನದ ಕಾಯೋದ್ರಾಗ ಒಂದ ಕೆಲಸ ಚಲೋ ಮಾಡಿದ್ವಿ. 6ಕ್ಕ ನಾನು ಅಲದಾಡಿ ಒಂದು ಪಲ್ಸ್ ಆಕ್ಸಿಮೀಟರ್, ಅಂದ್ರ ಬಟ್ಟಿಗೆ ಹಾಕಿ ರಕ್ತದಾಗಿನ ಆಕ್ಸಿಜನ್ ನೋಡೋ ಮಷಿನ್, ತಂದೆ, 2,200 ರೂಪಾಯಿ ಬಿತ್ತು. ತಂಗಿ ನೋಟ್‌ಬುಕ್ಕಿನ್ಯಾಗ ಗೆರಿ ಹೊಡದು ದಿನಕ್ಕ ನಾಕು ಸಲ ಬರಿಯಾಕ ಶುರು ಮಾಡಿದ್ಲು, ಹೊತ್ತು, ಆಕ್ಸಿಜನ್, ನಾಡಿ, ಜ್ವರ, ಮುಂಜಾನಿ ಶುಗರ್. ಹಾಳಿ ಮ್ಯಾಲೆ ದೊಡ್ಡ ಅಕ್ಷರದಾಗ "ಅಪ್ಪ" ಅಂತ ಬರದಿದ್ಲು.

ಆಕ್ಸಿಜನ್ 6ಕ್ಕ 96, 7ಕ್ಕ 95, 8ಕ್ಕ 94. ಆರು ನಿಮಿಷ ಖೋಲಿಯೊಳಗ ಅಡ್ಡಾಡ್ಸಿ ನೋಡಿದ್ರ 90. 9ಕ್ಕ ಮುಂಜಾನೆ ಸುಮ್ಮ ಕುಂತಾಗನ 91. ತಂಗಿ ಆ ಹಾಳಿ ಫೋಟೋ ಹೊಡದು ಡಾಕ್ಟರಿಗೆ ಕಳಿಸಿದ್ಲು, ಅವ್ರು ನೋಡಿ ಎರಡ ನಿಮಿಷದಾಗ "ಇವತ್ತ ಅಡ್ಮಿಟ್ ಮಾಡ್ರಿ, ನಾಳಿಗೆ ಬಿಡಬ್ಯಾಡ್ರಿ" ಅಂದ್ರು. ಹುಬ್ಬಳ್ಳಿ ಅಂದ್ರ ಗದಗ, ಹಾವೇರಿ, ಬಾಗಲಕೋಟಿ ಕಡಿಂದನೂ ಪೇಷಂಟ್ ಬರೋ ಊರು, ಬೆಡ್ ಸಿಗೂದು ಆ ದಿನದಾಗ ಎಷ್ಟು ತ್ರಾಸ ಅಂತ ಅನುಭವಿಸಿದವ್ರಿಗೇ ಗೊತ್ತು. ನಾನು ಅವತ್ತು 60ಕ್ಕಿಂತ ಹೆಚ್ಚು ಫೋನ್ ಮಾಡೇನಿ. ಸಂಜಿಕ ಒಂದು ದವಾಖಾನ್ಯಾಗ ಆಕ್ಸಿಜನ್ ಬೆಡ್ ಸಿಕ್ತು.

ಚಿಗವ್ವ ಚೀಲ ತುಂಬಿದ್ಲು. ಟವೆಲ್, ಚಾರ್ಜರ್, ಶುಗರ್ ಗುಳಗಿ, ಬಿಸಿನೀರಿನ ಥರ್ಮಾಸ್. ಮ್ಯಾಲೆ ಆಕ್ಸಿಮೀಟರೂ ಹಾಕಿದ್ಲು, "ಅಲ್ಲಿ ಯಾರು ನೋಡ್ತಾರೋ ಏನೋ, ಇರಲಿ" ಅಂತ. ಮನ್ಯಾಗ ಇದ್ದದ್ದು ಅದೊಂದ.

ಚಿಗವ್ವನ ಜಡ್ಡು, ನಾವು ಕಾಣದಿದ್ದದ್ದು

ಇದನ್ನ ಆವಾಗ ಯಾರೂ ಬರದಿಡಲಿಲ್ಲ. ಎಲ್ಲಾ ಮುಗಿದ ಮ್ಯಾಲೆ ತಂಗಿ, ಆಯಿ, ನಾನು ಕುಂತು ನೆನಪು ಮಾಡ್ಕೊಂಡು ಜೋಡ್ಸಿದ್ದು.

ಮೇ 7ಕ್ಕ ಪಲ್ಯದ ಒಗ್ಗರಣಿ ಹೊತ್ತಿ ಕರ್ರಗಾತು. ಮ್ಯಾಲಿನ ಮನಿ ತನಕ ವಾಸನಿ ಬಂತು, ತಂಗಿ ಓಡಿ ಬಂದು ನೋಡಿದ್ರ ಚಿಗವ್ವ ಅಲ್ಲೇ ಪಕ್ಕಕ್ಕ ನಿಂತು ಹಿಟ್ಟು ನಾದಾಕತ್ತಿದ್ಲು. "ಗಮನ ಎತ್ಲಾಗೋ ಇತ್ತವ್ವಾ" ಅಂದ್ಲು. ಗಂಡ ಮಲಗ್ಯಾನ, ಗಮನ ಎಲ್ಲಿರ್ತದ ಅಂತ ತಂಗಿನೂ ಸುಮ್ಮನಾದ್ಲು.

8ಕ್ಕ ಝುಣಕ ಉಪ್ಪುಪ್ಪಾಗಿತ್ತು. ಮೂವತ್ತು ವರ್ಷ ಕೈಯಳತಿ ಮ್ಯಾಲೆ ಅಡಗಿ ಮಾಡಿದ ಹೆಣಮಗಳು, ಉಪ್ಪು ತಪ್ಪಿದ್ದು ನಾನಂತೂ ಕಂಡಿಲ್ಲ. ಮನ್ಯಾಗ ಅದನ್ನ ಹೇಳಿದಾಕಿ ಆಯಿ ಒಬ್ಬಾಕಿನ. ಆಯಿಗೆ ವಯಸ್ಸಾಗೇತಿ, ಬಾಯಿ ಕೆಟ್ಟೇತಿ ಅಂದ್ವಿ. ವಾಸನಿ ಹೋಗೂದು, ರುಚಿ ಹೋಗೂದು ಕೊರೊನಾ ಲಕ್ಷಣ ಅಂತ ವರ್ಷದಿಂದ ಎಲ್ಲಾರೂ ಕೇಳಿದ್ವಿ, ಟಿವ್ಯಾಗ ನೋಡಿದ್ವಿ. ಗೊತ್ತಿದ್ದದ್ದು ಕಣ್ಣ ಮುಂದ ಬಂದಾಗ ಗುರುತು ಹಿಡೀಲಿಲ್ಲ, ಯಾಕಂದ್ರ ಪೇಷಂಟ್ ಮ್ಯಾಲೆ ಮಲಗಿದ್ರು, ಚಿಗವ್ವ ಒಲಿ ಮುಂದ ನಿಂತಿದ್ಲು.

ಕಾಕಾನ ರಿಪೋರ್ಟ್ ಬಂದ ಮ್ಯಾಲೆ ಮನಿ ಮಂದಿ ಎಲ್ಲಾ ಸ್ವಾಬ್ ಕೊಡ್ರಿ ಅಂತ ಆರೋಗ್ಯ ಇಲಾಖೆದವ್ರು ಫೋನ್ ಮಾಡಿ ಹೇಳಿದ್ರು. ಚಿಗವ್ವ, "ನಂದೂ ಪಾಸಿಟಿವ್ ಬಂದ್ರ ಪಾರ್ಸಲ್ ಯಾರ್ ತಗೋತಾರ? ಹೋದ ವರ್ಷ ಓಣ್ಯಾಗ ಹೆಂಗ ಪತ್ರಾ ಬಡದು ಬಂದ್ ಮಾಡಿದ್ರು ನೋಡಿಲ್ಲೇನು" ಅಂತ ಬ್ಯಾಡ ಅಂದ್ಲು. ನಾನೂ ಹೂಂ ಅಂದೆ. ಈಗ ವಿಚಾರ ಮಾಡಿದ್ರ ಅದು ಆಕಿಗಷ್ಟ ಅಲ್ಲ, ಆ ರೊಟ್ಟಿ ತಗೊಂಡು ಹೋದವ್ರಿಗೂ ನಾವು ಮಾಡಿದ ಅನ್ಯಾಯ. ಆ ಮಾತು ಹೇಳದ ಈ ಪ್ರಕರಣ ಪೂರ್ತಿ ಆಗಂಗಿಲ್ಲ. ಕಾಕಾ ಅಡ್ಮಿಟ್ ಆದ ಮಾರನೇ ದಿನ, 10ಕ್ಕ, ಖಾನಾವಳಿ ಬಂದ್ ಮಾಡಿದ್ವಿ.

ಅದೇ 10ಕ್ಕ ಆಕಿ ಮನಿ ಪೂರ್ತೆ ನಾಕು ರೊಟ್ಟಿ ಬಡಿಯಾಕ ಸ್ಟೂಲ್ ತಗೊಂಡು ಕುಂತ್ಲಂತ. 12ಕ್ಕ ಮಧ್ಯಾಹ್ನ ಮಲಗಿದ್ಲು, ಹಗಲು ಹೊತ್ತು ಚಿಗವ್ವ ಮಲಗಿದ್ದನ್ನ ತಂಗಿ ಹುಟ್ಟಿದಾಗಿಂದ ನೋಡಿರಲಿಲ್ಲ. 14ಕ್ಕ ಬಸವ ಜಯಂತಿ ಇತ್ತು, ಹೋಳಿಗಿ ಮಾಡ್ಲಿಲ್ಲ. ಗಂಡ ದವಾಖಾನ್ಯಾಗ ಇರಬೇಕಾದ್ರ ಯಾರ ಹೋಳಿಗಿ ಮಾಡ್ತಾರ ಅಂತ ನಾವ ಒಂದು ಕಾರಣ ಕೊಟ್ಕೊಂಡ್ವಿ. ಹಿಂಗ ಒಂದೊಂದಕ್ಕೂ ಒಂದೊಂದು ಕಾರಣ ರೆಡಿ ಇತ್ತು ನಮ್ಮ ಕಡೆ. ಕೆಮ್ಮು ಬಂತು, ಒಲಿ ಹೊಗಿ. ಬೆನ್ನು ನೋವು, ರೊಟ್ಟಿ ಬಡದದ್ದು. ಸುಸ್ತು, ಚಿಂತಿ.

ನನ್ನ ಪಾಲಿನ ತಪ್ಪು ಇಲ್ಲೇ ಐತಿ. ನಾನು ದಿನಾ ಸಂಜಿಕ ಆಕಿಗೆ ಫೋನ್ ಮಾಡಿ ಕಾಕಾನ ಸುದ್ದಿ ಹೇಳ್ತಿದ್ದೆ. 13, 14, 15 ಮೂರೂ ದಿನ ಆಕಿ ನಾಕು ಮಾತಾಡಿ ನಿಂದ್ರಾಕತ್ತಿದ್ಲು, ಉಸಿರು ತಗೊಂಡು ಮತ್ತ ಮಾತಾಡಾಕತ್ತಿದ್ಲು, ಅದು ನನಗ ಕೇಳ್ಸಿತ್ತು. ಪಾಂಟಣಿಗಿ ಹತ್ತಿ ಬಂದಿರಬೇಕು ಅನ್ಕೊಂಡೆ. "ಚಿಗವ್ವಾ, ನೀ ಹೆಂಗದೀ?" ಅಂತ ಕೇಳೇನಿ, ಕೇಳಿಲ್ಲ ಅಂತಲ್ಲ, ಆಕಿ "ನಂದೇನೈತಿ, ನಿಮ್ಮ ಕಾಕಾಂದು ಹೇಳು" ಅಂದ್ರ ನಾನು ಕಾಕಾಂದು ಹೇಳ್ಕೊಂತ ಹೋಗ್ತಿದ್ದೆ.

ಮೇ 16, ರವಿವಾರ. ಮುಂಜಾನೆ ತುಟಿ ಬಣ್ಣ ಯಾಕೋ ನೀಲಿ ಕಾಣ್ತೈತಿ ಅಂತ ತಂಗಿ ಫೋನ್ ಮಾಡಿದ್ಲು. ನಮ್ಮ ಮನಿ ಬಾಜೂದವ್ರ ಕಡೆ ಇದ್ದ ಆಕ್ಸಿಮೀಟರ್ ಇಸ್ಕೊಂಡು ಹೋದೆ. ಬಟ್ಟಿಗೆ ಹಾಕಿದ್ರ 82. ನಾವು ನಂಬಲಿಲ್ಲ. ಉಗುರಿಗೆ ಅರಿಷಿಣ ಹತ್ತೇತಿ ಅಂತ ಕೈ ತೊಳಿಸಿದ್ವಿ, ಬಿಸಿನೀರಾಗ ಬಟ್ಟು ಬೆಚ್ಚಗ ಮಾಡಿದ್ವಿ, ಇನ್ನೊಂದು ಕೈಗೆ ಹಾಕಿದ್ವಿ, 81. ಮಷಿನ್ ಕೆಟ್ಟೇತಿ ಅಂತ ತಂಗಿ ತನ್ನ ಬಟ್ಟಿಗೆ ಹಾಕ್ಕೊಂಡ್ಲು, 98. ಆಗ ಮೂವರೂ ಸುಮ್ಮನಾದ್ವಿ. ಚಿಗವ್ವನ ಮೊದ್ಲು ಮಾತಾಡಿದಾಕಿ, "ನನಗೇನ ಆಗಿಲ್ಲೋ ತಮ್ಮಾ, ಸುಸ್ತು ಅಷ್ಟ" ಅಂದ್ಲು.

82 ಇದ್ರೂ ಮನಷ್ಯಾ ಎದ್ದು ಕುಂತು ಮಾತಾಡೂದು ಹೆಂಗ ಅಂತ ಆಮ್ಯಾಲೆ ಡಾಕ್ಟರನ್ನ ಕೇಳಿದೆ. ನಮಗ ದಮ್ಮು ಕಟ್ಟಿದಂಗ ಅನಸೂದು ಹೆಚ್ಚಾಗಿ ರಕ್ತದಾಗ ಕಾರ್ಬನ್ ಡೈಆಕ್ಸೈಡ್ ಏರಿದಾಗ ಅಂತ. ಈ ಜಡ್ಡಿನ್ಯಾಗ ಮೊದಮೊದಲು ಪುಪ್ಪುಸ ಆಕ್ಸಿಜನ್ ಒಳಗ ತಗೊಳ್ಳೂದ್ರಾಗ ಸೋಲ್ತದ, ಕಾರ್ಬನ್ ಡೈಆಕ್ಸೈಡ್ ಮಾತ್ರ ಹೊರಗ ಹೋಗ್ಕೊಂತನ ಇರ್ತದ, ಅದಕ್ಕ ಮೈಗೆ ಗಂಟಿ ಬಾರಸೂದಿಲ್ಲ. ಜಗತ್ತಿನ ತುಂಬ ಡಾಕ್ಟರ್‌ಗಳು ಇದನ್ನ 2020ರಾಗನ ಗುರುತಿಸಿ ಹ್ಯಾಪಿ ಹೈಪಾಕ್ಸಿಯಾ ಅಂತ ಹೆಸರಿಟ್ಟಿದ್ರು. ಅದಕ್ಕ 94ರ ಕೆಳಗ ಬಂದ್ರ ಡಾಕ್ಟರಿಗೆ ಹೇಳ್ರಿ ಅಂತ ಅಷ್ಟು ಒತ್ತಿ ಹೇಳ್ತಿದ್ರು. ಕೇಳಿದ್ರ ಗೊತ್ತಾಗೂ ಜಡ್ಡಲ್ಲ ಅದು, ಬಟ್ಟಿಗೆ ಮಷಿನ್ ಹಾಕಿದ್ರ ಗೊತ್ತಾಗೂದು. ಮನ್ಯಾಗಿದ್ದ ಮಷಿನ್ ಕಾಕಾನ ಜೋಡಿ ದವಾಖಾನಿಗೆ ಹೋದ ಮ್ಯಾಲೆ ನಡುವ ಇದ್ದ ಆ ಆರು ದಿನದಾಗ ನಾನು ಇನ್ನೊಂದು ಮಷಿನ್ ತರಬಹುದಿತ್ತು. ರೊಕ್ಕಾನೂ ಇತ್ತು, ಹೊತ್ತೂ ಇತ್ತು. ಬೇಕು ಅಂತನ ಅನಸಲಿಲ್ಲ.

108ಕ್ಕ ಫೋನ್ ಮಾಡಿದ್ವಿ. ಆಂಬುಲೆನ್ಸ್ ಬರೋ ತನಕ ಬೋರಲು ಮಲಗಿಸಿದ್ವಿ, ಹಂಗ ಮಲಗಿದ್ರ ಎರಡು ಮೂರು ಏರತಿತ್ತು. ಬೆಡ್ ಸಿಕ್ಕಿದ್ದು ರಾತ್ರಿ 11ಕ್ಕ, ಕಾಕಾ ಇದ್ದ ದವಾಖಾನಿ ಬ್ಯಾರೆ, ಇದು ಬ್ಯಾರೆ. ಅಲ್ಲೇ ಸ್ವಾಬ್ ತಗೊಂಡ್ರು, ಪಾಸಿಟಿವ್ ಬಂತು. ಐದು ದಿನ ಇದ್ಲು. ಮೇ 21, ಶುಕ್ರವಾರ ನಸುಕಿನ್ಯಾಗ, ಆಕಿ ದಿನಾ ಒಲಿ ಹಚ್ಚೋ ಹೊತ್ತಿಗೆ ಸರಿಯಾಗಿ, ಫೋನ್ ಬಂತು. ಮಣ್ಣಿಗೆ ಹೋದವ್ರು ನಾವು ನಾಕು ಮಂದಿ.

ಕಾಕಾಗ ಹೇಳೂದು

ಕಾಕಾ ಆವಾಗ ಇನ್ನೂ ಆಕ್ಸಿಜನ್ ಮ್ಯಾಲೇ ಇದ್ರು, ದಿನಕ್ಕೆರಡು ಸಲ ಇನ್ಸುಲಿನ್. ಈಗ ಹೇಳಬ್ಯಾಡ್ರಿ, ಎದಿ ಒಡ್ಕೊಂತಾರ ಅಂತ ಹಿರ್ಯಾರೆಲ್ಲಾ ಅಂದ್ರು. ಐದು ದಿನ ಮುಚ್ಚಿಟ್ವಿ. 22ಕ್ಕ ಸಂಜಿಕ ಕಾಕಾ ಫೋನ್ ಮಾಡಿ, "ನಿಮ್ಮ ಚಿಗವ್ವಗ ಹೊತ್ತಿಗೆ ಸರಿಯಾಗಿ ಉಣ್ಣಾಕ ಹೇಳು, ಆಕಿ ಉಣ್ಣಂಗಿಲ್ಲ, ನನಗೊತ್ತೈತಿ" ಅಂದ್ರು. ಹೂಂ ರೀ ಕಾಕಾ ಅಂದೆ. 26ಕ್ಕ ಡಿಸ್ಚಾರ್ಜ್ ಆಗಿ ಮನಿ ಪಾಂಟಣಿಗಿ ಮ್ಯಾಲೆ ಕಾಲಿಟ್ಟಾಗ ಚಿಗವ್ವ ಬಾಗಲಕ್ಕ ಬರಲಿಲ್ಲ, ಆಯಿ ಮಗನ ಮಾರಿ ನೋಡಿ ಅಳಾಕ ಶುರು ಮಾಡಿದ್ಲು, ಅವ್ರಿಗೆ ಗೊತ್ತಾತು.

ಇದರ ಬಗ್ಗೆ ಕಾಕಾ ಈಗಲೂ ನಮ್ಮನ್ನ ಪೂರ್ತಿ ಕ್ಷಮಿಸಿಲ್ಲ. "ದವಾಖಾನ್ಯಾಗ ಡಾಕ್ಟರ್ ಇದ್ರು, ನರ್ಸ್ ಇದ್ರು, ಆಕ್ಸಿಜನ್ ಇತ್ತು. ಅಲ್ಲೇ ಹೇಳಿದ್ರ ಅಲ್ಲೇ ಅತ್ತು ತಡಕೊಂತಿದ್ದೆ. ಐದು ದಿನ ನಾನು ಸತ್ತಾಕಿಗೆ ಉಣ್ಣು ಅಂತ ಹೇಳ್ಕೋತ ಇದ್ದೆ" ಅಂತಾರ. ಅವ್ರ ಮಾತು ಸರಿ ಅಂತ ನನ್ನ ಅಭಿಪ್ರಾಯ. ನಾವು ಅವ್ರ ಎದಿ ಕಾಯಾಕ ಅಂತ ಮುಚ್ಚಿಟ್ಟದ್ದು ಅರ್ಧ, ಹೇಳೋ ಧೈರ್ಯ ಇಲ್ಲದ ಮುಚ್ಚಿಟ್ಟದ್ದು ಅರ್ಧ. ಡಾಕ್ಟರನ್ನ ಒಂದು ಮಾತು ಕೇಳಿ, ಅವ್ರ ಎದುರಿಗೇ ಹೇಳಬೇಕಿತ್ತು.

ಟ್ರಂಕಿನ್ಯಾಗ ಸಿಕ್ಕ ಪಾಸ್‌ಬುಕ್

ಜೂನ್‌ನ್ಯಾಗ ಮರಣ ಪ್ರಮಾಣಪತ್ರಕ್ಕ ಆಧಾರ್ ಹುಡುಕೋ ಮುಂದ ಚಿಗವ್ವನ ಟ್ರಂಕಿನ್ಯಾಗ ಆಕಿ ಸಂಘದ ಖಾತೆ ಪಾಸ್‌ಬುಕ್ ಸಿಕ್ತು. ವರ್ಷಾ ಮೇ ಕೊನಿಗೆ ಎರಡು ಸಲ ರೊಕ್ಕ ಕಡಿತ ಆಗಿತ್ತು, ಒಂದು 330, ಇನ್ನೊಂದು 12. ಬ್ಯಾಂಕಿನವ್ರು ನೋಡಿ ಹೇಳಿದ್ರು, 330 ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮಾ, 12 ಸುರಕ್ಷಾ ವಿಮಾ. ಮೊದಲನೇದಕ್ಕ ಯಾವ ಕಾರಣದಿಂದ ಸತ್ರೂ 2 ಲಕ್ಷ, ಎರಡನೇದು ಅಪಘಾತಕ್ಕಷ್ಟ. ಅದರ ವರ್ಷ ಜೂನ್ 1ರಿಂದ ಮೇ 31ರ ತನಕ, ಆಕಿ ಹೋದದ್ದು 21ಕ್ಕ, ಅಂದ್ರ ಹತ್ತು ದಿನ ಇನ್ನೂ ಉಳಿದಿತ್ತು. ನಾಮಿನಿ ಅಂತ ಮಗಳ ಹೆಸರು ಬರೆಸಿದ್ಲು. ಮನ್ಯಾಗ ಒಬ್ರಿಗೂ ಈ ಸುದ್ದಿ ಗೊತ್ತಿರಲಿಲ್ಲ. ಗಲ್ಲಾದ ಮುಂದ ಕುಂದ್ರೋ ಕಾಕಾನ ಹೆಸರಿಗೆ ಒಂದು ವಿಮಾನೂ ಇರಲಿಲ್ಲ, ಓದಿದವ ಅನ್ನೋ ನನ್ನ ಅವ್ವನ ಹೆಸರಿಗೂ ಇರಲಿಲ್ಲ.

ಬಿಪಿಎಲ್ ಕಾರ್ಡ್ ಇದ್ದದ್ದಕ್ಕ ರಾಜ್ಯ ಸರ್ಕಾರದ 1 ಲಕ್ಷ, ಆಮ್ಯಾಲೆ ಸುಪ್ರೀಂ ಕೋರ್ಟಿನ ಆದೇಶದಿಂದ ಬಂದ 50 ಸಾವಿರ ಪರಿಹಾರಕ್ಕೂ ಅರ್ಜಿ ಹಾಕಿದ್ವಿ. ಅಲ್ಲೆಲ್ಲಾ ಕೇಳಿದ್ದು ಆ ಒಂದ ಸ್ವಾಬ್ ರಿಪೋರ್ಟ್. ಸ್ವಾಬ್ ಕೊಡದ ಮನ್ಯಾಗೇ ಸತ್ತವ್ರ ಮಂದಿ ಎಷ್ಟು ಅಲದಾಡಿದ್ರು ಅಂತ ಅದೇ ಲೈನಿನ್ಯಾಗ ನಿಂತು ನೋಡೇನಿ. ಬಂದ ರೊಕ್ಕದಾಗ ಸಂಘದ ಸಾಲ ಹರೀತು, ಉಳಿದದ್ದು ತಂಗಿ ಹೆಸರಿಗೆ ಎಫ್‌ಡಿ. ಆಕಿ ಧಾರವಾಡದಾಗ ಡಿಗ್ರಿಗೆ ಸೇರಿದ್ಲು.

ಆಮ್ಯಾಲೆ

ಖಾನಾವಳಿ ಜುಲೈನ್ಯಾಗ ಮತ್ತ ತಗದ್ರು. ರೊಟ್ಟಿ ಇಲ್ಲದ ಮೊದಲ ವಾರ ಬರೇ ಚಪಾತಿ ಅನ್ನ ಇಟ್ಟರು, ಬಂದವ್ರು ಹೊಳ್ಳಿ ಹೋದ್ರು. ಆಗ ಎರಡು ಹೆಣಮಕ್ಕಳನ್ನ ಹಚ್ಕೊಂಡ್ರು, ಇಬ್ರೂ ಕೂಡಿ ಬಡದ್ರೂ ಚಿಗವ್ವ ಒಬ್ಬಾಕಿ ಬಡಿಯೋ ಅಷ್ಟು ಆಗೂದಿಲ್ಲ. ಅವ್ರಿಗೆ ತಿಂಗಳಾ ಕೊಡೋ ಪಗಾರದ ಲೆಕ್ಕ ಬರಿಯೋ ಮುಂದ ಕಾಕಾ ಒಂದು ದಿನ ಪೆನ್ನು ಕೆಳಗಿಟ್ಟು, "ಇಪ್ಪತ್ತಾರು ವರ್ಷಾತು ತಮ್ಮಾ, ಆಕಿ ಲೆಕ್ಕ ನಾನು ಒಂದ ಸಲಾನೂ ಬರದಿಲ್ಲ" ಅಂದ್ರು.

ನಮ್ಮ ಮನ್ಯಾಗೂ ಒಂದು ಸುಧಾರಣಿ ಆತು. ಆ ವರ್ಷ ಡಿಸೆಂಬರ್‌ನ್ಯಾಗ ಬಿಪಿ ಮಷಿನ್ ತಂದು ಮೊದ್ಲು ಅವ್ವನ ಕೈಗೆ ಕಟ್ಟಿದೆ, ಬ್ಯಾಡ ಬ್ಯಾಡ ಅಂದ್ಲು, 168ಕ್ಕ 100 ತೋರಿಸ್ತು. 56 ವರ್ಷದಾಕಿ, ನನ್ನ ಬಾಣಂತನದಾಗ ನೋಡಿದ್ದು ಬಿಟ್ರ ಯಾರೂ ನೋಡಿರಲಿಲ್ಲಂತ. ಈಗ ದಿನಾ ಒಂದು ಗುಳಗಿ ತಗೋತಾಳ. ಪಾಸ್‌ಬುಕ್, ವಿಮಾ ಕಾಗದ, ನಾಮಿನಿ ಯಾರು, ಯಾರಿಗೆ ಎಷ್ಟು ಕೊಡೂದೈತಿ, ಎಲ್ಲಾ ಒಂದು ಪ್ಲಾಸ್ಟಿಕ್ ಫೈಲಿನ್ಯಾಗ ಹಾಕಿ ದೇವರ ಜಗಲಿ ಕೆಳಗ ಇಟ್ಟೇವಿ, ಎಲ್ಲಾರಿಗೂ ಗೊತ್ತೈತಿ.

2022ರ ಜನವರಿನ್ಯಾಗ ಮೂರನೇ ಅಲೆ ಬಂದಾಗ ಕಾಕಾನ ಮನ್ಯಾಗ ಮತ್ತ ಜ್ವರ ಶುರುವಾತು. ತಂಗಿ ಅದೇ ನೋಟ್‌ಬುಕ್ ತಗದ್ಲು. "ಅಪ್ಪ" ಅನ್ನೋ ಹಾಳಿ ಆದ ಮ್ಯಾಲಿನ ಹಾಳಿಯೊಳಗ ಆಕಿ ಯಾವಾಗೋ "ಅವ್ವ" ಅಂತ ಬರದಿದ್ಲು, ಕೆಳಗ ಮೇ 6ರಿಂದ 15ರ ತನಕ ತಾರೀಖು, ಮುಂದ ಎಲ್ಲಾ ಖಾಲಿ, 16ರ ಮುಂದ 82. ನಾನು ಅದನ್ನ ನೋಡಿದ್ದು ಅವತ್ತ ಮೊದ್ಲು. ಆಕಿ ಆ ಹಾಳಿ ತಿರುವಿ ಹೊಸಾ ಹಾಳಿಯೊಳಗ ಗೆರಿ ಹೊಡದು ಆಯಿ, ಅಪ್ಪ, ನಾನು ಅಂತ ಮೂರು ಸಾಲು ಮಾಡಿದ್ಲು. ಕಾಕಾ ನೋಡಿ, "ಕೆಳಗ ರೊಟ್ಟಿ ಬಡ್ಯಾಕ ಬಂದವ್ರದೂ ಹಾಕು" ಅಂದು ತಾವ ಮಷಿನ್ ಹಿಡಕೊಂಡು ಕೆಳಗ ಇಳಿದ್ರು.

"ಯವ್ವಾ, ಕೈ ಒರಸ್ಕೊ, ಬಟ್ಟು ಕೊಡಿಲ್ಲೆ."

"ನನಗೇನ ಆಗೇತ್ರೀ ಯಪ್ಪಾ, ಚಲೋನ ಅದೇನಿ."

"ಗೊತ್ತೈತಿ, ಆದ್ರೂ ಕೊಡು."

ಆಕಿ ಹಿಟ್ಟಿನ ಕೈ ಸೆರಗಿಗೆ ಒರಸಿ ಬಟ್ಟು ಚಾಚಿದ್ಲು. ಕಾಕಾ ಪೂರ್ತಿ ಒಂದು ನಿಮಿಷ ನಿಂತ್ರು, ಅಂಕಿ ನಿಂತ ಮ್ಯಾಲೆ ಮ್ಯಾಲಿನ ಮನಿಗೆ ಕೇಳೂವಂಗ ಒದರಿ ಹೇಳಿದ್ರು, 97. ತಂಗಿ ಬರ್ಕೊಂಡ್ಲು.